ನಾಲ್ಕು ಆಡಿಯೋ ಕೋರ್ಸ್, ಒಂಬತ್ತು ತಿಂಗಳು, ನನ್ನ ಅರೆಬರೆ ಜರ್ಮನ್

ನಾನು ಜರ್ಮನ್ ಕಲಿಯಲು ಹೊರಟದ್ದು ಆ ದೇಶಕ್ಕೆ ಹೋಗಬೇಕು ಅಂತಲ್ಲ. ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಒಂದು ಜರ್ಮನ್ ಮಷೀನಿದೆ. ಅದರ ಮೇಂಟೆನೆನ್ಸ್ ನನ್ನ ತಲೆ ಮೇಲೆ. ಹೋದ ವರ್ಷ ಅದು ಕೆಟ್ಟು ನಿಂತಾಗ ಅಲ್ಲಿಂದ ಇಬ್ಬರು ಸರ್ವಿಸ್ ಎಂಜಿನಿಯರುಗಳು ಬಂದರು. ನನ್ನ ಜೊತೆ ಇಂಗ್ಲಿಷು, ತಮ್ಮತಮ್ಮಲ್ಲಿ ಜರ್ಮನ್. ಮೂರು ದಿನ ಪ್ಯಾನೆಲ್ ಬಾಗಿಲು ತೆಗೆದಿಟ್ಟು ಮಾತಾಡಿದರು. ನಡುನಡುವೆ ನನ್ನ ಕಡೆ ಒಂದು ನೋಟ. ಬೈತಿದ್ದಾರಾ, ಹೊಗಳ್ತಿದ್ದಾರಾ, ಏನೂ ಗೊತ್ತಿಲ್ಲ. ನನ್ನ ಕಿವಿಗೆ ಸಿಕ್ಕಿದ್ದು ಮೂರೇ ಪದ: ಕಪುಟ್, ಗೆನಾವ್, ಡೊಖ್. ಕಪುಟ್ ಅಂದರೆ ಕೆಟ್ಟಿದೆ ಅಂತ ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಗೆನಾವ್ ಅಂದಾಗಲೆಲ್ಲ ಇನ್ನೊಬ್ಬ ತಲೆ ಆಡಿಸುತ್ತಿದ್ದ. 'ಹೌದೌದು, ಅದೇ' ಇರಬೇಕು ಅಂದುಕೊಂಡೆ. ಆ ಡೊಖ್ ಮಾತ್ರ ಬಿಡಿಸಲಾಗದ ಗಂಟಾಗಿ ತಲೆಯಲ್ಲಿ ಉಳಿಯಿತು.

ಕ್ಲಾಸಿಗೆ ಹೋಗೋಣ ಅಂದರೆ ಶಿಫ್ಟ್ ಬಿಡುವುದಿಲ್ಲ. ಪುಸ್ತಕ ಹಿಡಿದು ಕೂತರೆ ಹತ್ತು ನಿಮಿಷಕ್ಕೆ ನಿದ್ದೆ. ಇದ್ದದ್ದು ಕಂಪನಿ ಬಸ್ಸಿನಲ್ಲಿ ಹೋಗುವಾಗ 40 ನಿಮಿಷ, ಬರುವಾಗ 40 ನಿಮಿಷ. ಹಾಗಾಗಿ ಕಿವಿಯಲ್ಲೇ ಕಲಿಯೋಣ ಅಂತ ತೀರ್ಮಾನ ಮಾಡಿದೆ. ಒಂಬತ್ತು ತಿಂಗಳಲ್ಲಿ ನಾಲ್ಕು ಕೋರ್ಸ್ ಕೇಳಿದೆ. ಎಲ್ಲವನ್ನೂ ಪೂರ್ತಿ ಮುಗಿಸಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಈ ನಾಲ್ಕಕ್ಕೂ ಮುಂಚೆ ಒಂದು ಆಪ್ ಹಾಕಿಕೊಂಡಿದ್ದೆ. ಹೆಸರು ಬೇಡ. ಹಿಂದೆ ಮೆಲ್ಲಗೆ ಸಂಗೀತ, ಮುಂದೆ ಒಂದು ಇಂಗ್ಲಿಷ್ ಪದ, ಅದರ ಜರ್ಮನ್ ಪದ, ಮತ್ತೆ ಇನ್ನೊಂದು. ಮೂರು ವಾರ ಕೇಳಿದ ಮೇಲೆ ನನಗೆ ಆನೆ, ಜಿರಾಫೆ, ನೇರಳೆ ಬಣ್ಣ ಎಲ್ಲ ಬಂತು. 'ನನಗೆ ಅರ್ಥವಾಗಲಿಲ್ಲ' ಅನ್ನುವುದು ಬರಲಿಲ್ಲ. ನಾಲ್ಕನೇ ವಾರ ತೆಗೆದುಹಾಕಿದೆ.

ಮೊದಲ ನಿಜವಾದ ಕೋರ್ಸ್ ಪಿಮ್ಸ್ಲರ್. ಪಾಲ್ ಪಿಮ್ಸ್ಲರ್ ಅನ್ನುವ ಅಮೆರಿಕದ ಭಾಷಾ ಮೇಷ್ಟ್ರು 1967ರಲ್ಲಿ ಮರೆವಿನ ಬಗ್ಗೆ ಒಂದು ಲೇಖನ ಬರೆದರು. ಹೊಸ ಪದವನ್ನು 5 ಸೆಕೆಂಡ್ ಆದ ಮೇಲೆ ಒಮ್ಮೆ ನೆನಪಿಸಬೇಕು, ಆಮೇಲೆ 25 ಸೆಕೆಂಡಿಗೆ, ಆಮೇಲೆ 2 ನಿಮಿಷಕ್ಕೆ, 10 ನಿಮಿಷಕ್ಕೆ, ಹೀಗೆ ದಿನ, ತಿಂಗಳುಗಳವರೆಗೆ ಅಂತರ ಹಿಗ್ಗಿಸುತ್ತಾ ಹೋಗಬೇಕು ಅನ್ನುವುದು ಅವರ ಲೆಕ್ಕ. ಕೋರ್ಸ್ ನಿಂತಿರುವುದೇ ಇದರ ಮೇಲೆ. ಒಂದು ಪಾಠ ಅರ್ಧ ಗಂಟೆ, ಒಂದು ಲೆವೆಲ್ಲಿಗೆ 30 ಪಾಠ. ಪದ ಇನ್ನೇನು ಜಾರಿಹೋಯಿತು ಅನ್ನುವಷ್ಟರಲ್ಲಿ ಸರಿಯಾಗಿ ಅದನ್ನೇ ಕೇಳುತ್ತಾರೆ. ನಮ್ಮ ಪ್ರೆಷರ್ ಗೇಜು ಚೆಕ್ ಮಾಡುವ ಚಾರ್ಟ್ ಹಾಗೇ ಇದೆ ಅನಿಸಿ ನನಗೆ ಖುಷಿಯಾಯಿತು.

ಇನ್ನೊಂದು ಉಪಾಯ ತುಂಬಾ ಹಿಡಿಸಿತು. ಉದ್ದದ ಪದವನ್ನು ಬಾಲದಿಂದ ಕಲಿಸುತ್ತಾರೆ. 'ಕ್ಷಮಿಸಿ' ಅನ್ನಲು ಜರ್ಮನ್ನಲ್ಲಿ ಎಂಟ್‌ಶುಲ್ಡಿಗುಂಗ್. ಮೊದಲ ಸಲ ಕೇಳಿದಾಗ ಯಾರೋ ಮೆಟ್ಟಿಲ ಮೇಲಿಂದ ಪಾತ್ರೆ ಉರುಳಿಸಿದ ಹಾಗಿತ್ತು. ಅವರು 'ಗುಂಗ್' ಅನ್ನಿಸುತ್ತಾರೆ. ಆಮೇಲೆ 'ಡಿಗುಂಗ್'. ಆಮೇಲೆ 'ಶುಲ್ಡಿಗುಂಗ್'. ಕೊನೆಗೆ ಮುಂದಕ್ಕೆ 'ಎಂಟ್' ಸೇರಿಸಿದರೆ ಪದ ಪೂರ್ತಿ. ಬಾಲ ಮೊದಲೇ ಬಾಯಿಗೆ ಕೂತಿರುವುದರಿಂದ ಕೊನೆಗೆ ಬಂದು ಮುಗ್ಗರಿಸುವುದಿಲ್ಲ.

ಆದರೆ ಬಾಯಿ ಬಿಟ್ಟು ಹೇಳಲೇಬೇಕು. ಮನಸ್ಸಿನಲ್ಲೇ ಅಂದುಕೊಂಡರೆ ಉಪಯೋಗವಿಲ್ಲ. ನಾನು ಮೊದಲ ಎರಡು ವಾರ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡೇ ಕೇಳಿದೆ, ಏನೂ ಉಳಿಯಲಿಲ್ಲ. ಆಮೇಲೆ ಪಿಸುಗುಟ್ಟಲು ಶುರು ಮಾಡಿದೆ. ಜರ್ಮನ್ನಲ್ಲಿ 'ದಯವಿಟ್ಟು' ಅನ್ನುವುದಕ್ಕೆ 'ಬಿಟ್ಟೆ'. 'ಪರವಾಗಿಲ್ಲ' ಅನ್ನುವುದಕ್ಕೂ ಅದೇ 'ಬಿಟ್ಟೆ'. ನಾನು ಕಿಟಕಿ ಕಡೆ ನೋಡಿಕೊಂಡು ಬಿಟ್ಟೆ, ಬಿಟ್ಟೆ ಅಂತಿದ್ದೆ. ಪಕ್ಕದಲ್ಲಿ ಕೂತಿದ್ದ ನಮ್ಮ ಅಸೆಂಬ್ಲಿ ವಿಭಾಗದ ಹುಡುಗ ಕೊನೆಗೂ ಕೇಳಿಯೇಬಿಟ್ಟ: "ಏನ್ ಬಿಟ್ರಿ ಸಾರ್? ಸಿಗರೇಟಾ?"

ಪಿಮ್ಸ್ಲರ್‌ನಲ್ಲಿ ವ್ಯಾಕರಣ ವಿವರಿಸುತ್ತಾ ಕೂರುವುದಿಲ್ಲ. ಹೇಳಿ, ಹೇಳಿ, ಇನ್ನೊಮ್ಮೆ ಹೇಳಿ, ಅಷ್ಟೆ. ಕೆಲವರಿಗೆ ಅದೇ ಇಷ್ಟ. ನನ್ನದು ಬಿಚ್ಚಿ ನೋಡುವ ಜಾತಿ. 'ಯಾಕೆ ಇಲ್ಲಿ ಡೆರ್, ಅಲ್ಲಿ ಡೆನ್?' (ಎರಡೂ ಇಂಗ್ಲಿಷಿನ 'ದಿ' ಜಾಗದಲ್ಲಿ ಬರುವ ಪದಗಳೇ) ಅಂತ ತಲೆ ಕೆರೆದುಕೊಂಡು ಮೊದಲ ಲೆವೆಲ್ ಮುಗಿಸಿದೆ, ಎರಡನೆಯದಕ್ಕೆ ಹೋಗಲಿಲ್ಲ.

ಆಗ ಸಿಕ್ಕಿದ್ದು ಮಿಶೆಲ್ ಥಾಮಸ್ ಕೋರ್ಸ್. ಇವರು 1914ರಲ್ಲಿ ಪೋಲೆಂಡಿನ ವುಜ್‌ನಲ್ಲಿ ಹುಟ್ಟಿದವರು, 2005ರಲ್ಲಿ ತೀರಿಕೊಂಡರು. ರೆಕಾರ್ಡಿಂಗಿನಲ್ಲಿ ಮೇಷ್ಟ್ರು ಒಬ್ಬರು, ಕಲಿಯುವವರು ಇಬ್ಬರು. ಮೂರನೆಯವರು ನಾವು. ಅವರು ಇಂಗ್ಲಿಷಿನಲ್ಲಿ ಒಂದು ವಾಕ್ಯ ಕೊಡುತ್ತಾರೆ. ನಾವು ಆಡಿಯೋ ನಿಲ್ಲಿಸುವ ಪಾಸ್ ಬಟನ್ ಒತ್ತಿ ಜರ್ಮನ್ನಲ್ಲಿ ಹೇಳಬೇಕು, ಆಮೇಲೆ ಆ ಇಬ್ಬರು ಏನು ಹೇಳುತ್ತಾರೆ ಕೇಳಬೇಕು. ಅವರೂ ತಪ್ಪು ಮಾಡುತ್ತಾರೆ. ನಾನು ಮಾಡಿದ ತಪ್ಪನ್ನೇ ಅವರೂ ಮಾಡಿದಾಗ ಆಗುವ ಸಮಾಧಾನ ಇದೆಯಲ್ಲ, ಅದಕ್ಕೆ ಬೆಲೆ ಕಟ್ಟಲಾಗದು. ಬರೆದುಕೊಳ್ಳಬೇಡಿ, ಬಾಯಿಪಾಠ ಮಾಡಬೇಡಿ, ನೆನಪಿಡಲು ಒದ್ದಾಡಬೇಡಿ, ನೆನಪಾಗದಿದ್ದರೆ ಅದರ ಹೊಣೆ ಕಲಿಸುವವನದು ಅನ್ನುವುದು ಅವರ ಪದ್ಧತಿ. ಸ್ಕೂಲಲ್ಲಿ ಇಂಥ ಮೇಷ್ಟ್ರು ನನಗೆ ಸಿಗಲಿಲ್ಲ.

ಇವರಿಂದ ನಾನು ಹೊಡೆದುಕೊಂಡ ದೊಡ್ಡ ಲಾಭ ಅಕ್ಷರ ಬದಲಾವಣೆಯ ಗುಟ್ಟು. ಇಂಗ್ಲಿಷೂ ಜರ್ಮನ್ನೂ ದಾಯಾದಿಗಳು. ಎಷ್ಟೋ ಕಡೆ ಇಂಗ್ಲಿಷಿನ 'ಟ' ಅಲ್ಲಿ 'ಸ' ಅಥವಾ 'ತ್ಸ' ಆಗುತ್ತದೆ: ವಾಟರ್ ಅಲ್ಲಿ ವಾಸರ್, ಟೆನ್ ಅಲ್ಲಿ ತ್ಸೇನ್. 'ಪ' ಹೋಗಿ 'ಫ': ಶಿಪ್ ಅಲ್ಲಿ ಶಿಫ್, ಹೆಲ್ಪ್ ಅಲ್ಲಿ ಹೆಲ್ಫನ್. 'ಡ' ಹೋಗಿ 'ಟ': ಡ್ರಿಂಕ್ ಅಲ್ಲಿ ಟ್ರಿಂಕನ್. ಇದು ತಿಳಿದ ಮೇಲೆ ಗೊತ್ತಿಲ್ಲದ ಪದವನ್ನೂ ಊಹೆ ಮಾಡಬಹುದು. ನಮಗೆ ಹೊಸದೇನಲ್ಲ. ಹಳಗನ್ನಡದ ಪಾಲು ಹಾಲಾಯಿತು, ಪೂ ಹೂ ಆಯಿತು ಅಂತ ಓದಿದವರೇ ಅಲ್ವಾ ನಾವು.

ಮೂರನೆಯದು ಲ್ಯಾಂಗ್ವೇಜ್ ಟ್ರಾನ್ಸ್‌ಫರ್. ಪೂರ್ತಿ ಉಚಿತ, ಕೇಳುವವರ ದೇಣಿಗೆಯಿಂದ ನಡೆಯುತ್ತದೆ. ಮಿಹಾಲಿಸ್ ಎಲೆಫ್ತೆರಿಯು ಅನ್ನುವವರು ಒಬ್ಬ ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಕಲಿಸುತ್ತಾರೆ, 50 ಟ್ರ್ಯಾಕ್. ದಾರಿ ಮಿಶೆಲ್ ಥಾಮಸ್ ತರಹದ್ದೇ, ಆದರೆ ಇವರ ಗಮನ ಪದಕ್ಕಿಂತ ಜಾಸ್ತಿ ಯೋಚನೆಯ ಮೇಲೆ. ಒಂದು ಕ್ರಿಯಾಪದ ಯಾಕೆ ಹಾಗೆ ಬದಲಾಗುತ್ತದೆ ಅಂತ ನಿಮ್ಮ ಬಾಯಿಂದಲೇ ಹೇಳಿಸುತ್ತಾರೆ. ದುಡ್ಡು ಹಾಕುವ ಮುಂಚೆ ಜರ್ಮನ್ ನಿಮಗೆ ಒಗ್ಗುತ್ತಾ ಅಂತ ನೋಡಬೇಕಿದ್ದರೆ ಇಲ್ಲಿಂದಲೇ ಶುರು ಮಾಡಿ. ನನಗೆ ಇದು ಮೊದಲೇ ಸಿಕ್ಕಿದ್ದರೆ ಆ ಆನೆ, ಜಿರಾಫೆಯ ಮೂರು ವಾರ ಉಳಿಯುತ್ತಿತ್ತು.

ಈ ಮೂರೂ ಇಂಗ್ಲಿಷ್ ಮಾತಾಡುವವರಿಗಾಗಿ ಮಾಡಿದವು. ವಿವರಣೆ ಎಲ್ಲ ಇಂಗ್ಲಿಷಿನಲ್ಲಿ. ಮೊದಮೊದಲು ನಾನೂ ಇಂಗ್ಲಿಷ್ ವಾಕ್ಯ ಕೇಳಿ, ಅದನ್ನೇ ತಿರುಗಿಸಿ ಜರ್ಮನ್ ಮಾಡುತ್ತಿದ್ದೆ. ಪ್ರತಿ ಸಲ ಕ್ರಮ ತಪ್ಪುತ್ತಿತ್ತು. ಒಂದು ಸಂಜೆ 'ನಾನು ನಾಳೆ ರೈಲಿನಲ್ಲಿ ಬರ್ಲಿನ್ನಿಗೆ ಹೋಗುತ್ತೇನೆ' ಅನ್ನುವ ತರಹದ ವಾಕ್ಯ ಬಂತು. ಇಂಗ್ಲಿಷಿನಲ್ಲಿ ಮೊದಲು ಬರ್ಲಿನ್, ಆಮೇಲೆ ರೈಲು, ಕೊನೆಗೆ ನಾಳೆ. ಜರ್ಮನ್ನಲ್ಲಿ: ಇಖ್ ಫಾರೆ ಮೊರ್ಗನ್ ಮಿಟ್ ಡೆಮ್ ತ್ಸೂಕ್ ನಾಖ್ ಬೆರ್ಲೀನ್. ನಾನು, ಹೋಗುತ್ತೇನೆ, ನಾಳೆ, ರೈಲಿನಲ್ಲಿ, ಬರ್ಲಿನ್ನಿಗೆ. ಎರಡನೇ ಜಾಗಕ್ಕೆ ಹಾರಿದ ಆ 'ಹೋಗುತ್ತೇನೆ' ಒಂದನ್ನು ಬಿಟ್ಟರೆ ಇದು ಅಪ್ಪಟ ಕನ್ನಡದ ಸಾಲು! ಬಸ್ಸಿನಲ್ಲೇ ಒಂದು ಕ್ಷಣ ಎದ್ದು ಕೂತೆ.

ಅವತ್ತಿನಿಂದ ಇಂಗ್ಲಿಷ್ ವಾಕ್ಯ ಕೇಳಿದ ತಕ್ಷಣ ಮನಸ್ಸಿನಲ್ಲಿ ಕನ್ನಡಕ್ಕೆ ತಂದುಕೊಂಡು, ಅಲ್ಲಿಂದ ಜರ್ಮನ್ನಿಗೆ ದಾಟುತ್ತೇನೆ. ಸುತ್ತು ಹಾದಿ ಅನಿಸುತ್ತದೆ, ಆದರೆ ಬೇಗ ತಲುಪುತ್ತೇನೆ. 'ಯಾಕೆಂದರೆ' ಅಂತ ವೈಲ್ ಹಾಕಿದರೆ ಕ್ರಿಯಾಪದ ಕೊನೆಗೆ ಹೋಗಬೇಕು: ವೈಲ್ ಇಖ್ ಹೊಯ್ಟೆ ಕೈನೆ ತ್ಸೈಟ್ ಹಾಬೆ. ಇಂಗ್ಲಿಷಿನವರಿಗೆ ಇದನ್ನು ಅರಗಿಸಲು ಕೋರ್ಸುಗಳು ಎಷ್ಟು ನಿಧಾನ ಮಾಡುತ್ತವೆ ನೋಡಿ. ನಮಗೆ ಕ್ರಿಯಾಪದ ಕೊನೆಗೆ ಬರದೆ ಇನ್ನೆಲ್ಲಿ ಬರಬೇಕು? 'ಡು' ಮತ್ತು 'ಝೀ' ವ್ಯತ್ಯಾಸವೂ ಹಾಗೇ. ನೀನು, ನೀವು ಅಂದರೆ ಮುಗಿಯಿತು. ಆ ಟ್ರ್ಯಾಕ್ ಬಂದಾಗ ನಾನು ಶೂ ಲೇಸ್ ಕಟ್ಟಿಕೊಂಡೆ.

ಇನ್ನೂ ಮಜಾ ಅಂದರೆ ಚಳಿ. ಜರ್ಮನ್ನಲ್ಲಿ 'ಮಿಯರ್ ಇಸ್ಟ್ ಕಾಲ್ಟ್' ಅನ್ನಬೇಕು. ನನಗೆ ಚಳಿ. ಇಂಗ್ಲಿಷನ್ನು ಹಾಗೇ ಎತ್ತಿಟ್ಟು 'ಇಖ್ ಬಿನ್ ಕಾಲ್ಟ್' ಅಂದರೆ 'ನಾನು ಕಲ್ಲುಮನಸ್ಸಿನವನು' ಅಂದ ಹಾಗೆ ಕೇಳುತ್ತದೆ. ಕನ್ನಡದಲ್ಲಿ 'ನಾನು ಚಳಿ' ಅಂತ ಯಾರಾದರೂ ಅಂತಾರಾ?

ಕನ್ನಡ ಕೈಕೊಡುವ ಜಾಗವೂ ಇದೆ. ಸಾದಾ ವಾಕ್ಯದಲ್ಲಿ ಕ್ರಿಯಾಪದ ಎರಡನೇ ಜಾಗ ಬಿಟ್ಟು ಅಲುಗಾಡಬಾರದು. 'ನಾಳೆ'ಯಿಂದ ಶುರು ಮಾಡಿದರೆ 'ಮೊರ್ಗನ್ ಕೊಮೆ ಇಖ್', ಅಂದರೆ ನಾಳೆ, ಬರುತ್ತೇನೆ, ನಾನು. ನನ್ನ ನಾಲಿಗೆ ಇವತ್ತಿಗೂ 'ಮೊರ್ಗನ್ ಇಖ್' ಅಂತ ಹೊರಟು ಅಲ್ಲೇ ಬ್ರೇಕ್ ಹಾಕುತ್ತದೆ.

ಉಚ್ಚಾರಣೆಗೆ ಬಂದರೆ, ಆಡಿಯೋ ಕೋರ್ಸಿನ ನಿಜವಾದ ಗೆಲುವು ಇದು. ಒ, ಓ ಬೇರೆ ಮಾಡುವ ಕಿವಿ ನಮಗೆ ಹುಟ್ಟಿನಿಂದ ಬಂದಿದೆ. ಜರ್ಮನ್ನಲ್ಲಿ ಒಫನ್ ಅಂದರೆ ತೆರೆದದ್ದು, ಓಫನ್ ಅಂದರೆ ಒಲೆ. ಬೆಟ್ ಹಾಸಿಗೆ, ಬೇಟ್ ತೋಟದ ಪಾತಿ. ಒಂದೇ ಸಲಕ್ಕೆ ಹಿಡಿದೆ. ಆದರೆ ಅವರ 'ಟ' ನಮ್ಮ 'ಟ' ಅಲ್ಲ, ನಾಲಿಗೆ ಹಿಂದಕ್ಕೆ ಮಡಿಚಬಾರದು. ಊ-ಈ ನಡುವಿನ ಆ ಸ್ವರಕ್ಕೆ ನಾನು ಕಂಡುಕೊಂಡ ದಾರಿ: ಬಾಯೊಳಗೆ 'ಈ' ಅನ್ನಿ, ತುಟಿ ಮಾತ್ರ ಊದುವ ಹಾಗೆ ಮುಂದಕ್ಕೆ ಮಾಡಿ. ಇನ್ನು 'ನಾನು' ಅನ್ನುವ ಪದ. ಇಲ್ಲಿ 'ಇಖ್' ಅಂತ ಬರೆದಿದ್ದೇನೆ, ಆದರೆ ಅದು ಖ್ ಅಲ್ಲ, ಶ್ ಕೂಡ ಅಲ್ಲ. 'ಹಿ' ಅಂತ ಪಿಸುಮಾತಲ್ಲಿ ಎಳೆದರೆ ನಾಲಿಗೆ ನಡುವಿನಿಂದ ಗಾಳಿ ಹೋಗುತ್ತದಲ್ಲ, ಅದೇ. ಯಾವ ಪುಸ್ತಕ ಓದಿದ್ದರೂ ನನಗೆ ಇದು ಬರುತ್ತಿರಲಿಲ್ಲ. ಐವತ್ತು ಸಲ ಕೇಳಿ, ಐವತ್ತು ಸಲ ತಪ್ಪಿ ಬಂತು.

ನಾಲ್ಕನೆಯದು ಡಾಯ್ಚೆ ವೆಲೆಯ 'ಡಾಯ್ಚ್, ವರುಮ್ ನಿಖ್ಟ್?'. ಅಂದರೆ 'ಜರ್ಮನ್, ಯಾಕಾಗಬಾರದು?'. ಜರ್ಮನಿಯ ಈ ಪ್ರಸಾರ ಸಂಸ್ಥೆ, ಜರ್ಮನ್ ಕಲಿಸುವ ಗಯ್ಟೆ ಇನ್‌ಸ್ಟಿಟ್ಯೂಟ್ ಜೊತೆ ಸೇರಿ ಮಾಡಿದ ಹಳೇ ರೇಡಿಯೋ ಪಾಠ, ಉಚಿತ. ನಾಲ್ಕು ಸರಣಿ, ಒಂದೊಂದರಲ್ಲಿ 26 ಪಾಠ. ಆಂಡ್ರೆಯಾಸ್ ಅನ್ನುವ ಪತ್ರಿಕೋದ್ಯಮದ ವಿದ್ಯಾರ್ಥಿ ಆಖನ್ ಊರಿನ ಹೋಟೆಲೊಂದರಲ್ಲಿ ಕೆಲಸ ಮಾಡುತ್ತಾನೆ. ಅವನ ಜೊತೆ ಎಕ್ಸ್ ಅನ್ನುವ, ಕಣ್ಣಿಗೆ ಕಾಣದ ಒಂದು ಜೀವ. ಅದು ಬೇಡದ ಹೊತ್ತಲ್ಲಿ ಬಾಯಿ ಹಾಕಿ ಅವನನ್ನು ಪೇಚಿಗೆ ಸಿಕ್ಕಿಸುತ್ತದೆ. ಮೊದಲ ಎಪಿಸೋಡಿಗೆ ಮಕ್ಕಳಾಟ ಅನಿಸಿತು. ಐದನೆಯದರ ಹೊತ್ತಿಗೆ ಸಂಜೆ ಬಸ್ಸಿಗೆ ಕಾಯುತ್ತಿದ್ದೆ. ಮೊದಲ ಮೂರು ಕೋರ್ಸ್ ಬಾಯಿಗೆ, ಇದು ಕಿವಿಗೆ. ಬಾಗಿಲು ಬಡಿಯುವ ಸದ್ದು, ಫೋನಿನ ಸದ್ದು, ನಡುವೆ ಜನ ಮಾತಾಡುತ್ತಾರೆ. ನಾವು ಅರ್ಥ ಮಾಡಿಕೊಳ್ಳಲಿ ಅಂತ ಯಾರೂ ನಿಂತು ಕಾಯುವುದಿಲ್ಲ. ಇದು ಮುಗಿದ ಮೇಲೆ ಅವರದೇ ನಿಧಾನವಾಗಿ ಓದುವ ಸುದ್ದಿ ಇದೆ, ಅದನ್ನು ಈಗ ಕೇಳುತ್ತಿದ್ದೇನೆ. ಹತ್ತರಲ್ಲಿ ನಾಲ್ಕು ಸಾಲು ಸಿಗುತ್ತದೆ.

ಡೊಖ್ ಗಂಟು ಬಿಚ್ಚಿಕೊಂಡದ್ದೂ ಈ ಸಂಭಾಷಣೆಗಳಲ್ಲೇ. 'ನೀನು ಬರಲ್ವಾ?' ಅಂತ ಯಾರಾದರೂ ಕೇಳಿದರೆ, ಬರುವವನು 'ಡೊಖ್!' ಅನ್ನುತ್ತಾನೆ. ಬರ್ತೀನಪ್ಪಾ! ವಾಕ್ಯದ ನಡುವೆ ಬಂದರೆ ನಮ್ಮ 'ಅಲ್ವಾ' ಇದ್ದ ಹಾಗೆ. 'ಡಸ್ ಇಸ್ಟ್ ಡೊಖ್ ಕ್ಲಾರ್', ಅದು ಗೊತ್ತಿರೋದೇ ಅಲ್ವಾ. ಆ ಮೂರು ದಿನ ಆ ಇಬ್ಬರು ಪ್ಯಾನೆಲ್ ಮುಂದೆ ನಿಂತು ನನ್ನನ್ನು ಬೈತಾ ಇರಲಿಲ್ಲ, ಸುಮ್ನೆ 'ಅಲ್ವಾ, ಅಲ್ವಾ' ಅಂತಿದ್ದರು. ಇರಬಹುದು.

ಆಡಿಯೋದಿಂದ ಬರದ್ದು ಏನು? ಮೊದಲನೆಯದು ಡೆರ್, ಡೀ, ಡಸ್. ಪ್ರತಿ ನಾಮಪದಕ್ಕೂ ಲಿಂಗ. ಕೇಳುವಾಗ ಅದು ಒಂದು ಉಸಿರಲ್ಲಿ ಹೋಗಿಬಿಡುತ್ತದೆ, ಕಿವಿಗೆ ದಕ್ಕುವುದಿಲ್ಲ. ಹುಡುಗಿ ಅನ್ನುವ ಮೇಟ್‌ಖನ್ ನಪುಂಸಕ. ಕೊನೆಗೆ 'ಖನ್' ಅನ್ನುವ ಮುದ್ದಿನ ಬಾಲ ಬಂದರೆ ಯಾವುದೇ ಪದ ನಪುಂಸಕ ಆಗಿಬಿಡುತ್ತದೆ. ಇದಕ್ಕೆ ನಗುವ ಹಕ್ಕು ನಮಗಿಲ್ಲ, 'ಕೂಸು ಅಳುತ್ತಿದೆ' ಅನ್ನುವವರು ನಾವು. ಆದರೆ ಸ್ಕ್ರೂ, ಪಂಪು? ಕೊನೆಗೆ ನಾನು ಟೂಲ್ ಶೆಲ್ಫಿಗೆ ಟೇಪ್ ಅಂಟಿಸಿ ಬರೆದೆ: ಡೆರ್ ಹಾಮರ್, ಡೀ ತ್ಸಾಂಗೆ, ಡಸ್ ಕಾಬಲ್. ಸುತ್ತಿಗೆ ಗಂಡು, ಇಕ್ಕಳ ಹೆಣ್ಣು, ಕೇಬಲ್ ಎರಡೂ ಅಲ್ಲ. ನಮ್ಮ ಹುಡುಗರಿಗೆ ಒಂದು ವಾರ ಇದೇ ತಮಾಷೆ. "ಸಾರ್, ಆ ಹೆಣ್ಣು ಕೊಡಿ" ಅಂತ ಇಕ್ಕಳ ಕೇಳುತ್ತಿದ್ದರು.

ಎರಡನೆಯದು ಓದು. ಕಿವಿಯಲ್ಲೇ ಕಲಿತವನು ಮೊದಲ ಸಲ ಮ್ಯಾನ್ಯುಯಲ್ ತೆರೆದಾಗ ಅಪರಿಚಿತರ ಮದುವೆಗೆ ಹೋದ ಹಾಗೆ. 'ತ್ಸೂಕ್' ಅಂತ ಕೇಳಿದ್ದ ರೈಲು ಅಲ್ಲಿ 'ಗ್' ಅಕ್ಷರದಿಂದ ಕೊನೆಯಾಗುತ್ತದೆ. ಪದದ ಕೊನೆಯ ಗ, ಡ, ಬ ಎಲ್ಲ ಕ್, ಟ್, ಪ್ ಆಗುತ್ತವೆ ಅಂತ ಆಗ ತಿಳಿಯಿತು. ಎರಡನೇ ತಿಂಗಳಿಂದಲಾದರೂ ಕೇಳಿದ್ದನ್ನು ಒಮ್ಮೆ ಕಣ್ಣಲ್ಲಿ ನೋಡಿ.

ಮೂರನೆಯದು ಸಂಖ್ಯೆ. ಅವರು 47 ಅನ್ನುವುದು ಏಳು ಮತ್ತು ನಲವತ್ತು ಅಂತ. ಕೋರ್ಸಿನಲ್ಲಿ ನಿಧಾನವಾಗಿ ಬಂದಾಗ ಸರಿ, ಮಷೀನ್ ಕಂಪನಿಯ ಆಫೀಸಿನವರು ಫೋನಿನಲ್ಲಿ ಎರರ್ ಕೋಡ್ ಹೇಳಿದಾಗ ನಾನು 74 ಬರೆದುಕೊಂಡು ಅರ್ಧ ದಿನ ತಪ್ಪು ವಾಲ್ವ್ ಬಿಚ್ಚಿದೆ. ಅದಕ್ಕಿಂತ ದೊಡ್ಡ ಅವಾಂತರ ಗಡಿಯಾರದ್ದು. ವೀಡಿಯೋ ಕಾಲ್ ಮಾಡೋಣ, ನಿಮ್ಮ ಟೈಮಿನಲ್ಲಿ 'ಹಾಲ್ಪ್ ಡ್ರೈ'ಗೆ ಅಂದರು. ಹಾಲ್ಪ್ ಅಂದರೆ ಅರ್ಧ, ಡ್ರೈ ಅಂದರೆ ಮೂರು. ಮೂರೂವರೆ ಅಂತ ಹೆಮ್ಮೆಯಿಂದ ಬರೆದುಕೊಂಡೆ. ಮೂರೂ ಇಪ್ಪತ್ತಕ್ಕೆ ಲ್ಯಾಪ್‌ಟಾಪ್ ತೆರೆದರೆ ಅವರ ನಾಲ್ಕು ಮಿಸ್ಡ್ ಕಾಲ್. ಜರ್ಮನ್ನರ 'ಅರ್ಧ ಮೂರು' ಅಂದರೆ ಮೂರಕ್ಕೆ ಹೋಗುವ ದಾರಿಯಲ್ಲಿ ಅರ್ಧ, ಎರಡೂವರೆ. ನಾನು ಕೇಳಿದಷ್ಟು ಪಾಠಗಳಲ್ಲಿ ಇದು ಬಂದಿತ್ತೋ, ನಾನೇ ನಿದ್ದೆ ಮಾಡಿದ್ದೆನೋ.

ಯಾವ ಕ್ರಮದಲ್ಲಿ ಕೇಳಬೇಕು ಅಂತ ನನ್ನ ಹುಡುಗರು ಕೇಳಿದಾಗ ನಾನು ಹೇಳಿದ್ದು ಇಷ್ಟು. ಮೊದಲು ಲ್ಯಾಂಗ್ವೇಜ್ ಟ್ರಾನ್ಸ್‌ಫರ್, ಅದರ ಜೊತೆಗೇ ದಿನ ಬಿಟ್ಟು ದಿನ ಆಂಡ್ರೆಯಾಸ್ ಕತೆ. ಬಾಯಿ ಇನ್ನೂ ಬಿಗಿಯಾಗಿದೆ ಅನಿಸಿದರೆ ಪಿಮ್ಸ್ಲರ್ ಮೊದಲ ಲೆವೆಲ್, ಅದೂ ಒಬ್ಬರೇ ಇರುವಾಗ. ಮಿಶೆಲ್ ಥಾಮಸ್, ಲ್ಯಾಂಗ್ವೇಜ್ ಟ್ರಾನ್ಸ್‌ಫರ್ ಎರಡೂ ಬೇಕಾಗಿಲ್ಲ, ಒಂದು ಸಾಕು. ಪಾಸ್ ಬಟನ್ ಒತ್ತದೆ ಕೇಳಿದರೆ ಯಾವುದೂ ಬೇಡ, ಹಾಡು ಕೇಳಿ.

ಹೋದ ತಿಂಗಳು ಅದೇ ಇಬ್ಬರು ಮತ್ತೆ ಬಂದರು. ನಾನು ಜರ್ಮನ್ ಕಲಿಯುತ್ತಿದ್ದೇನೆ ಅಂತ ಹೇಳಲಿಲ್ಲ. ಗುಟ್ಟಾಗಿ ಕೇಳೋಣ ಅಂತ. ಒಬ್ಬ ಮಷೀನಿನ ಕೆಳಗೆ ಮಲಗಿದ್ದ, ಕಾಲು ಮಾತ್ರ ಕಾಣುತ್ತಿತ್ತು. ಇನ್ನೊಬ್ಬ ಫೋನ್ ಹಿಡಿದು ಆಚೆ ಹೋಗಿದ್ದ. ಕೆಳಗಿನಿಂದ ಒಂದು ಕೈ ಹೊರಗೆ ಬಂತು. "ಗಿಪ್ ಮಿಯರ್ ಮಾಲ್ ಡೆನ್ ಶ್ಲ್ಯೂಸಲ್." ನನಗೆ ರೋಮಾಂಚನ. ಪ್ರತಿ ಪದ ಅರ್ಥವಾಯಿತು! ಗಿಪ್, ಕೊಡು. ಮಿಯರ್, ನನಗೆ. ಶ್ಲ್ಯೂಸಲ್ ಅಂದರೆ ಬೀಗದ ಕೈ, ಹೋಟೆಲ್ ಪಾಠಗಳಲ್ಲಿ ಕೇಳಿ ಕೇಳಿ ಸವೆದ ಪದ. ಜೇಬಿನಿಂದ ಪ್ಯಾನೆಲ್ ಕೀ ತೆಗೆದು ಆ ಕೈಗಿಟ್ಟೆ. ಕೈ ಒಳಗೆ ಹೋಯಿತು. ಎರಡು ಸೆಕೆಂಡ್ ಮೌನ. ಕೀ ವಾಪಸ್ ಬಂತು. "ನೇ, ಡೆನ್ ಡ್ರೈತ್ಸೇನರ್."

ಡ್ರೈತ್ಸೇನ್, ಹದಿಮೂರು. ಅವರು ಸ್ಪ್ಯಾನರಿಗೂ ಶ್ಲ್ಯೂಸಲ್ ಅಂತಾರೆ ಅಂತ ಆಗ ಹೊಳೆಯಿತು. ಟ್ರೇಯಿಂದ 13ನೇ ನಂಬರ್ ಸ್ಪ್ಯಾನರ್ ಎತ್ತಿ ಕೊಟ್ಟೆ. ಕೊಟ್ಟವರು ಯಾರು ಅಂತ ಅವನು ನೋಡಲೂ ಇಲ್ಲ.

"ಡಾಂಕೆ" ಅಂದ.

"ಬಿಟ್ಟೆ" ಅಂದೆ.